ರಾತ್ರಿ ವಾರ್ಡಿಂದ ಫೋನ್ ಬಂದ್ರೆ: ಮಹಾಮಾರಿ ಟೈಮಲ್ಲಿ ಔಷಧ ಮಾಹಿತಿ ಡೆಸ್ಕ್ ನಡೆಸೋದು ಹೇಗೆ?

2021ರ ಏಪ್ರಿಲ್, ರಾತ್ರಿ 11 ದಾಟಿತ್ತು. ವಾರ್ಡಿಂದ ಸಿಸ್ಟರ್ ಒಬ್ರು ಫೋನ್ ಮಾಡಿ "ಸರ್, 6ನೇ ಬೆಡ್‌ಗೆ ರೆಮ್‌ಡೆಸಿವಿರ್ ಡೋಸ್ ಎಷ್ಟು?" ಅಂದ್ರು. ಕೋವಿಡ್ ರೋಗಿಗಳಿಗೆ ಆಗ ಕೊಡ್ತಿದ್ದ ಇಂಜೆಕ್ಷನ್ ಅದು. ಮೊದಲ್ನೇ ದಿನ 200 ಎಂಜಿ, ಆಮೇಲೆ ನಾಕು ದಿನ 100 ಅಂತ ಹೇಳಿ ಫೋನ್ ಇಟ್ಬಿಡ್ಬೋದಿತ್ತು, ಅಷ್ಟು ಬಾಯಿಪಾಠ ಆಗೋಗಿತ್ತು. ಆದ್ರೂ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸೋ ರಕ್ತ ಪರೀಕ್ಷೆ) ಎಷ್ಟಿದೆ ಅಂತ ಕೇಳ್ದೆ. ಲೆಕ್ಕ ಹಾಕಿದ್ರೆ ಇ-ಜಿಎಫ್ಆರ್, ಅಂದ್ರೆ ಕಿಡ್ನಿ ರಕ್ತ ಸೋಸೋ ವೇಗ, 30ಕ್ಕಿಂತ ಕೆಳಗೆ! ಆಗಿನ ಗೈಡ್‌ಲೈನ್ ಪ್ರಕಾರ ಅವ್ರಿಗೆ ಆ ಇಂಜೆಕ್ಷನ್ ಕೊಡೋ ಹಾಗೇ ಇರ್ಲಿಲ್ಲ.

ಔಷಧ ಮಾಹಿತಿ ಕೇಂದ್ರ ಅಂದ್ರೆ ಇಷ್ಟೇ, ಡಾಕ್ಟ್ರು ನರ್ಸು ಕೇಳೋ ಪ್ರಶ್ನೆಗೆ ಕ್ಲಿನಿಕಲ್ ಫಾರ್ಮಸಿಸ್ಟ್ ಹುಡುಕಿ, ತೂಗಿ ನೋಡಿ ಉತ್ರ ಕೊಡೋ ಜಾಗ. ಮೈಸೂರಿನ ಜೆಎಸ್ಎಸ್ ಆಸ್ಪತ್ರೆಲಿ 90ರ ದಶಕದಿಂದ್ಲೇ ಇದೆ. ಮಾಮೂಲಿ ದಿನಗಳಲ್ಲಿ ನಿಧಾನಕ್ಕೆ ನಡೆಯೋ ಈ ಕೆಲ್ಸನ ಮಹಾಮಾರಿ ಟೈಮಲ್ಲಿ ಹೇಗ್ ಮಾಡೋದು ಅಂತ ನಾನು ಪೆಟ್ಟು ತಿಂದು ಕಲ್ತಿದ್ದು ಇಲ್ಲಿದೆ.

ಮೊದ್ಲು ವಾಪಸ್ ಪ್ರಶ್ನೆ ಕೇಳಿ. ಯಾರು ಕೇಳ್ತಿದಾರೆ, ಎಷ್ಟು ಅರ್ಜೆಂಟು, ವಯಸ್ಸು, ತೂಕ, ಕಿಡ್ನಿ, ಲಿವರ್, ಗರ್ಭಿಣಿನಾ, ಬೇರೆ ಏನ್ ಮಾತ್ರೆ ನಡೀತಿದೆ. ಕೋವಿಡ್‌ನಲ್ಲಿ ಇದ್ರ ಜೊತೆ ಇನ್ನೊಂದು ಸೇರ್ತು, ಆಕ್ಸಿಜನ್ ಹಾಕಿದೀರಾ? ಯಾಕಂದ್ರೆ 2020ರ ಜೂನ್ 16ಕ್ಕೆ ಬ್ರಿಟನ್ನಿನಲ್ಲಿ ಕೋವಿಡ್ ಔಷಧಿಗಳನ್ನ ರೋಗಿಗಳಲ್ಲಿ ಪರೀಕ್ಷೆ ಮಾಡ್ತಿದ್ದ ರಿಕವರಿ ಟ್ರಯಲ್‌ನವ್ರು ಹೇಳಿದ್ದು, ಡೆಕ್ಸಾಮೆಥಸೋನ್ ಅನ್ನೋ ಸ್ಟೀರಾಯ್ಡ್ ಕೊಟ್ಟಾಗ ವೆಂಟಿಲೇಟರ್ ಮೇಲಿರೋರಲ್ಲಿ ಸಾವು ಮೂರನೇ ಒಂದು ಭಾಗ ಕಮ್ಮಿ, ಆಕ್ಸಿಜನ್ ಮೇಲಿರೋರಲ್ಲಿ ಐದನೇ ಒಂದು ಭಾಗ, ಆಕ್ಸಿಜನ್ ಬೇಡದವ್ರಿಗೆ ಏನೂ ಲಾಭ ಇಲ್ಲ. ಅಲ್ಲಿ ಕೊಟ್ಟ ಅದೇ ದಿನಕ್ಕೆ 6 ಎಂಜಿ, ಅದೇ ಹೆಚ್ಚಂದ್ರೆ 10 ದಿನ, ಮನೇಲಿ ಬರೀ ಜ್ವರ ಅಂತ ಮಲಗಿರೋರಿಗೆ ಕೊಟ್ರೆ ಸುಮ್ನೆ ಶುಗರ್ ಏರುತ್ತೆ ಅಷ್ಟೆ.

ಆಮೇಲೆ, ಕಾಯೋಕಾಗದ ಪ್ರಶ್ನೆನ ಬೇರೆ ಮಾಡಿ. ಇಂಜೆಕ್ಷನ್ ಔಷಧಿನ ಯಾವ್ದ್ರಲ್ಲಿ ಕಲಸ್ಬೇಕು ಅನ್ನೋದು ಅಂಥದ್ದು, ಸಿಸ್ಟರ್ ಕೈಲಿ ಸಿರಿಂಜ್ ಹಿಡ್ಕೊಂಡೇ ಕೇಳ್ತಿರ್ತಾರೆ. ರೆಮ್‌ಡೆಸಿವಿರ್ ಪುಡಿ ವೈಯಲ್‌ಗೆ (ಔಷಧಿ ಇರೋ ಸಣ್ಣ ಬಾಟ್ಲಿ) 19 ಎಂಎಲ್ ಸ್ಟೆರೈಲ್ ವಾಟರ್, ಆಮೇಲೆ ಉಪ್ಪುನೀರಿನ ಡ್ರಿಪ್ಪು, ಅಂದ್ರೆ ಸಲೈನ್‌ಗೆ. ಬ್ಲ್ಯಾಕ್ ಫಂಗಸ್ ಬಂದಾಗ ಅದಕ್ಕೆ ಕೊಡೋ ಲೈಪೋಸೋಮಲ್ ಆಂಫೋಟೆರಿಸಿನ್‌ಗೆ ಅದೇ ಅಭ್ಯಾಸದಲ್ಲಿ ಸಲೈನ್ ತಗೊಂಡ್ರೆ ಔಷಧಿ ಹಾಳು, ಅದಕ್ಕೆ ಸಕ್ಕರೆ ನೀರಿನ ಡ್ರಿಪ್ಪು, 5% ಡೆಕ್ಸ್‌ಟ್ರೋಸೇ ಆಗ್ಬೇಕು. ಇವನ್ನ ಒಂದು ಹಾಳೇಲಿ ದಪ್ಪಕ್ಷರದಲ್ಲಿ ಮೊದ್ಲೇ ಬರೆದು ವಾರ್ಡಿಗೆ ಕೊಟ್ಬಿಡಿ, ಅರ್ಧ ಫೋನ್ ಕಮ್ಮಿ ಆಗುತ್ತೆ.

ಹುಡುಕೋದು ಕಷ್ಟದ ಭಾಗ. ಕಾಲೇಜಲ್ಲಿ ಹೇಳ್ಕೊಟ್ಟಿದ್ದು ಮೊದ್ಲು ಪುಸ್ತಕ, ಅಲ್ಲಿಲ್ದಿದ್ರೆ ಜರ್ನಲ್ ಅಂತ. ಹೊಸ ಕಾಯಿಲೆಗೆ ಪುಸ್ತಕ ಎಲ್ಲಿಂದ ಬರ್ಬೇಕು? ಮಲೇರಿಯಾ ಮಾತ್ರೆ ಹೈಡ್ರಾಕ್ಸಿಕ್ಲೋರೋಕ್ವಿನ್ ಕತೆನೇ ನೋಡಿ. 2020ರ ಮಾರ್ಚ್‌ನಲ್ಲಿ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಕೋವಿಡ್ ಬರದ ಹಾಗೆ ಆರೋಗ್ಯ ಸಿಬ್ಬಂದಿಗೆ ಇದನ್ನ ತಗೊಳಿ ಅಂತು, ಜನ ಮೆಡಿಕಲ್ ಶಾಪ್‌ಗೆ ನುಗ್ಗಿದ್ರು, ಸರ್ಕಾರ ಅದೇ ತಿಂಗ್ಳು ಅದನ್ನ ಶೆಡ್ಯೂಲ್ ಎಚ್1ಗೆ (ಡಾಕ್ಟ್ರ ಚೀಟಿ ಇಲ್ದೆ ಮಾರೋ ಹಾಗಿಲ್ಲದ, ಮಾರಿದ ಲೆಕ್ಕ ಇಡ್ಬೇಕಾದ ಔಷಧಿಗಳ ಪಟ್ಟಿ) ಹಾಕ್ತು. ಮೇ 22ಕ್ಕೆ ವೈದ್ಯಕೀಯ ಜರ್ನಲ್ ಲ್ಯಾನ್ಸೆಟ್‌ನಲ್ಲಿ ಇದು ಪ್ರಾಣಕ್ಕೇ ಅಪಾಯ ಅಂತ ಪೇಪರ್ ಬಂತು, ಜೂನ್ 4ಕ್ಕೆ ಡೇಟಾನೇ ನಂಬೋಕಾಗಲ್ಲ ಅಂತ ಆ ಪೇಪರ್ ವಾಪಸ್ಸು, ಮರುದಿನಾನೇ ರಿಕವರಿಯವ್ರು ಆಸ್ಪತ್ರೆ ಸೇರಿದ ರೋಗಿಗಳಿಗೆ ಇದ್ರಿಂದ ಲಾಭ ಇಲ್ಲ ಅಂದ್ರು. ಎರಡು ವಾರದಲ್ಲಿ ಇಷ್ಟೆಲ್ಲಾ! ಹಾಗಾಗಿ ಯಾವ್ದೇ ಸುದ್ದಿ ಬಂದ್ರೂ ಇದು ಪ್ರಿಪ್ರಿಂಟಾ (ಬೇರೆ ತಜ್ಞರು ಇನ್ನೂ ಪರಿಶೀಲಿಸದ ಪೇಪರ್), ಪತ್ರಿಕಾ ಹೇಳಿಕೆನಾ, ಔಷಧಿ ಕೊಡದವ್ರ ಜೊತೆ ಹೋಲ್ಸಿ ನೋಡಿದಾರಾ ಅಂತ ಕೇಳ್ಕೊಳಿ, ಅದನ್ನ ಉತ್ರದಲ್ಲೂ ಬರೀರಿ.

ಉತ್ರದ ಮೇಲೆ ತಾರೀಖು, ಟೈಮು ಹಾಕಿ. ನಾನಿದ್ದ ಆಸ್ಪತ್ರೆಲಿ (ಹೆಸ್ರು ಬೇಡ) ನಮ್ದೇ ಹಳೇ ಚಾರ್ಟ್ ಒಂದು ಐಸಿಯು ಗೋಡೆ ಮೇಲೆ ತಿಂಗಳುಗಟ್ಲೆ ಹಾಗೇ ಇತ್ತು, ತಾರೀಖೇ ಇಲ್ದೆ, ಹೊಸಬ್ರು ಅದನ್ನೇ ನೋಡಿ ಬರೀತಿದ್ರು. ತಪ್ಪು ನಮ್ದೇ. ಆಮೇಲಿಂದ ಹೊಸ ಹಾಳೆ ಕೊಡೋಕೆ ಹೋದವ್ರೇ ಹಳೇದನ್ನ ಕಿತ್ಕೊಂಡು ಬರ್ಬೇಕು ಅಂತ ಮಾಡಿದ್ವಿ. ಗೈಡ್‌ಲೈನ್‌ಗಳೇ ಒಂದಕ್ಕೊಂದು ಹೊಂದ್ದೇ ಹೋದ್ರೆ ಮುಚ್ಚಿಡ್ಬೇಡಿ. 2020ರ ನವೆಂಬರ್‌ನಲ್ಲಿ ಡಬ್ಲ್ಯುಎಚ್ಒ ರೆಮ್‌ಡೆಸಿವಿರ್ ಬೇಡ ಅಂದಿತ್ತು, ನಮ್ಮ ದೇಶದ ಗೈಡ್‌ಲೈನಲ್ಲಿ ಮುಂದಿನ ವರ್ಷಾನೂ ಕೆಲವ್ರಿಗೆ ಕೊಡ್ಬೋದು ಅಂತಿತ್ತು. ಎರಡೂ ಬರೀರಿ, ನಿಮ್ಮ ಆಸ್ಪತ್ರೆ ಕಮಿಟಿ ಯಾವ್ದು ಒಪ್ಪಿದೆ ಅಂತಾನೂ.

ಅಡ್ಡ ಪರಿಣಾಮ ಅನ್ಸಿದ್ರೆ 1800-180-3024ಕ್ಕೆ ಹೇಳಿ, ಅದು ಫಾರ್ಮಕೋವಿಜಿಲೆನ್ಸ್ (ಔಷಧಿಗಳ ಅಡ್ಡ ಪರಿಣಾಮದ ಮೇಲೆ ಕಣ್ಣಿಡೋ ಕೆಲ್ಸ) ಸಹಾಯವಾಣಿ, ಫ್ರೀ.

ಕೊನೇದು ರಿಜಿಸ್ಟರ್. ಕೇಳಿದವ್ರ ಹೆಸ್ರು, ಪ್ರಶ್ನೆ, ಉತ್ರ, ಎಲ್ಲಿಂದ ತಗೊಂಡಿದ್ದು ಎಲ್ಲಾ ಬರೀರಿ, ಶಿಫ್ಟ್ ಮುಗಿದು ಕಣ್ಣು ಎಳೀತಿದ್ರೂ. ನಾಳೆ ಗೈಡ್‌ಲೈನ್ ಬದಲಾದ್ರೆ ಯಾರ್ಯಾರಿಗೆ ವಾಪಸ್ ಫೋನ್ ಮಾಡ್ಬೇಕು ಅಂತ ಅದ್ರಿಂದ್ಲೇ ಗೊತ್ತಾಗೋದು. ಮತ್ತೆ ಉತ್ರ ಯಾರ್ಯಾರಿಗೆ ತಲುಪ್ತು ಅಂತ ಒಂದು ಕಾಲಮ್ ಇರ್ಲಿ. ಆ ರಾತ್ರಿ ಡಾಕ್ಟ್ರಿಗೆ ಹೇಳಿ ಆರ್ಡರ್ ಕ್ಯಾನ್ಸಲ್ ಆಯ್ತು, ಆದ್ರೆ 6ನೇ ಬೆಡ್‌ನವ್ರ ಮಗ ಚೀಟಿ ಹಿಡ್ಕೊಂಡು ವೈಯಲ್‌ಗೆ ಊರೆಲ್ಲಾ ಸುತ್ತುತಾ ಇದಾರೆ ಅನ್ನೋದು ಸಿಸ್ಟರ್‌ಗೆ ನೆನಪಾಗಿದ್ದು ಅರ್ಧ ಗಂಟೆ ಆದ್ಮೇಲೆ, ಆಗ ಅವ್ರಿಗೂ ಫೋನ್ ಮಾಡ್ಸಿದ್ವಿ, ಬೇಡ, ಬನ್ನಿ ಅಂತ.