ಜ್ಯೂರಿಕ್‌ಗೆ ಹೊಸಬರಾ? ಬಿಲ್ಡಿಂಗ್ ಒಳಗಿನ ರೂಲ್ಸ್ ಮೊದಲು ಕಲಿಯಿರಿ

ಜ್ಯೂರಿಕ್‌ಗೆ ಕೆಲಸದ ಮೇಲೆ ಬರುವ ನಮ್ಮವರು ಮೊದಲ ವಾರ ಕೇಳುವುದು ಎರಡೇ ಪ್ರಶ್ನೆ. ಕೊತ್ತಂಬರಿ ಸೊಪ್ಪು ಎಲ್ಲಿ ಸಿಗುತ್ತೆ? ಕುಕ್ಕರ್ ಕೂಗಿದರೆ ಪಕ್ಕದ ಮನೆಯವರು ಬೈತಾರಾ? ಹಗಲು ಹೊತ್ತು ಕುಕ್ಕರ್ ಕೂಗಿದರೆ ತೊಂದರೆಯಿಲ್ಲ. ಒಗ್ಗರಣೆ ಹಾಕುವಾಗ ಮಾತ್ರ ಕಿಟಕಿ ತೆಗೆಯಿರಿ, ಮೆಟ್ಟಿಲ ಕಡೆಯ ಬಾಗಿಲನ್ನಲ್ಲ. ಮೆಣಸಿನಕಾಯಿ ಘಾಟು ನಾಲ್ಕು ಮಹಡಿ ಹತ್ತುತ್ತೆ.

ಕಾಗದದ ಕೆಲಸ ಮೊದಲು ಮುಗಿಸಿ. ಬಂದ 14 ದಿನದೊಳಗೆ, ಕೆಲಸಕ್ಕೆ ಸೇರುವ ಮುಂಚೆಯೇ, ನಿಮ್ಮ ಏರಿಯಾದ ನಗರಾಡಳಿತದ ಆಫೀಸಿನಲ್ಲಿ ಹೆಸರು ನೋಂದಾಯಿಸಬೇಕು. ಆರೋಗ್ಯ ವಿಮೆಗೆ 3 ತಿಂಗಳು ಟೈಮ್ ಇದೆ, ಆದರೆ ವಿಮೆಯ ಕಂತು ನೀವು ಬಂದ ದಿನದಿಂದಲೇ ಲೆಕ್ಕ, ತಡ ಮಾಡಿದರೆ ಏನೂ ಉಳಿಯಲ್ಲ.

ಇನ್ನು ನಮಸ್ಕಾರ. ಮೆಟ್ಟಿಲಲ್ಲಿ, ಲಿಫ್ಟಲ್ಲಿ, ಅಂಗಡಿ ಕೌಂಟರಿನಲ್ಲಿ, ಡಾಕ್ಟರ್ ಹತ್ತಿರ ಕಾಯುವ ರೂಮಿನಲ್ಲಿ, ಯಾರೇ ಸಿಗಲಿ 'ಗ್ರೂಯೆಟ್ಸಿ' ಅನ್ನಿ. ಜಿನೀವಾ ಕಡೆ ಹೋದರೆ 'ಬೊಂಜೂರ್'. ಪರಿಚಯ ಇಲ್ಲದವರಿಗೆ ಯಾಕೆ ಅಂತ ಸುಮ್ನೆ ಹೋದರೆ ಸೊಕ್ಕು ಅಂದುಕೊಳ್ಳುತ್ತಾರೆ.

ನಿಜವಾದ ಪರೀಕ್ಷೆ ಇರುವುದು ನೆಲಮಾಳಿಗೆಯಲ್ಲಿ. ಹಳೆಯ ಬಿಲ್ಡಿಂಗ್‌ಗಳಲ್ಲಿ ಮನೆಗೊಂದು ವಾಷಿಂಗ್ ಮಷಿನ್ ಇರಲ್ಲ, ಎಲ್ಲರಿಗೂ ಸೇರಿ ಕೆಳಗೊಂದು 'ವಾಶ್‌ಕ್ಯುಷೆ', ಅಂದರೆ ಬಟ್ಟೆ ಒಗೆಯುವ ಕೋಣೆ. ಗೋಡೆಯ ಮೇಲೆ ಸರದಿ ಪಟ್ಟಿ. ನಿಮ್ಮ ಸರದಿ ಎರಡು ವಾರಕ್ಕೊಮ್ಮೆ ಬಂದರೂ ಆಶ್ಚರ್ಯವಿಲ್ಲ, ಆದ್ದರಿಂದ ಒಳಉಡುಪು ಜಾಸ್ತಿ ಇಟ್ಟುಕೊಳ್ಳಿ! ಬೇರೆಯವರ ಹೊತ್ತಲ್ಲಿ ಒಂದು ಟವೆಲ್ ಕೂಡ ಹಾಕಬೇಡಿ. ಮುಗಿದ ಮೇಲೆ ಡ್ರೈಯರ್ ಜಾಲರಿಯಲ್ಲಿ ಕೂತ ನೂಲಿನ ಕಸ ಕೈಯಿಂದ ಸುಲಿದು ತೆಗೆಯಿರಿ, ಮಷಿನ್ ಬಾಯಿಯ ರಬ್ಬರ್ ಒರೆಸಿ, ಬಾಗಿಲು ಸ್ವಲ್ಪ ತೆರೆದಿಡಿ, ನೆಲದ ನೀರು ಎಳೆಯಿರಿ. ನಾನು ಒಮ್ಮೆ ಜಾಲರಿ ಮರೆತೆ. ಸಂಜೆ ಬಾಗಿಲಿಗೆ ಚೀಟಿ ಅಂಟಿತ್ತು, ಕೆಳಗೆ 'ಸ್ನೇಹಪೂರ್ವಕ ವಂದನೆಗಳು' ಅಂತ ಬೇರೆ.

ಕಸಕ್ಕೆ ಯಾವುದೋ ಕವರ್ ನಡೆಯಲ್ಲ. 'ಜ್ಯೂರಿ ಸಾಕ್' ಅನ್ನುವ ಚೀಲವನ್ನೇ ಕೊಳ್ಳಬೇಕು, ಕಸದ ಶುಲ್ಕ ಆ ಚೀಲದ ಬೆಲೆಯಲ್ಲೇ ಸೇರಿದೆ. ಬೇರೆ ಚೀಲ ಬಿಸಾಡಿದರೆ ಅದನ್ನು ಬಿಚ್ಚಿ ಒಳಗಿನ ಪತ್ರದಲ್ಲಿ ವಿಳಾಸ ಹುಡುಕಿ ದಂಡ ಹಾಕುವುದೂ ಉಂಟು. ಹಳೆ ಪೇಪರ್ ಬೇರೆ, ರಟ್ಟು ಬೇರೆ, ದಾರ ಕಟ್ಟಿ ಇಡಬೇಕು. ಗಾಜಿನ ಬಾಟಲಿ ಬೀದಿಯ ಡಬ್ಬಿಯಲ್ಲಿ ಬಿಳಿ, ಹಸಿರು, ಕಂದು ಅಂತ ಇರುವ ಮೂರು ಕಂಡಿಗೆ. ಸದ್ದಾಗುತ್ತೆ, ಅದಕ್ಕೆ ಅದೂ ಭಾನುವಾರ ಬೇಡ! ನಾನು ಹೊಸದರಲ್ಲಿ ಒಂದು ಭಾನುವಾರ ಬೆಳಿಗ್ಗೆ ಎರಡು ಉಪ್ಪಿನಕಾಯಿ ಬಾಟಲಿ ಹಾಕಿದೆ. ಎದುರು ಬಾಲ್ಕನಿಯ ಅಜ್ಜಿ ಏನೂ ಬೈಯಲಿಲ್ಲ, ಕಂಡಿಯ ಮೇಲಿದ್ದ ಬೋರ್ಡಿಗೆ ಬೆರಳು ತೋರಿಸಿದರು ಅಷ್ಟೇ. ಬೈದಿದ್ದರೇ ವಾಸಿಯಿತ್ತು.

ಭಾನುವಾರ ಅಂಗಡಿಗಳೂ ಮುಚ್ಚಿರುತ್ತವೆ. ಹಾಲು ಮೊಸರು ಶನಿವಾರವೇ ತನ್ನಿ, ಮರೆತರೆ ಮುಖ್ಯ ರೈಲು ನಿಲ್ದಾಣದ ಅಂಗಡಿಗಳೇ ಗತಿ. ರಾತ್ರಿ 10ರ ಮೇಲೆ ಮಿಕ್ಸಿ ಬೇಡ, ದೋಸೆ ಹಿಟ್ಟು ಸಂಜೆಯೇ ರುಬ್ಬಿಕೊಳ್ಳಿ.

ಯಾರಾದರೂ ಊಟಕ್ಕೆ ಕರೆದರೆ 7 ಅಂದರೆ 7. ಐದು ನಿಮಿಷ ತಡವಾಗುತ್ತೆ ಅನಿಸಿದರೂ ಮೆಸೇಜ್ ಹಾಕಿ. ಗ್ಲಾಸು ಕೈಗೆ ಬಂದ ಕೂಡಲೇ ಕುಡಿಯಬೇಡಿ, ಎಲ್ಲರಿಗೂ ಸಿಗಲಿ, ಆಮೇಲೆ ಒಬ್ಬೊಬ್ಬರ ಕಣ್ಣು ನೋಡಿ, ಹೆಸರು ಹೇಳಿ, ಗ್ಲಾಸು ತಾಕಿಸಿ. ನಿಮ್ಮ ಕೈಯಲ್ಲಿ ಸೇಬಿನ ಜ್ಯೂಸ್ ಇದ್ದರೂ ಅಷ್ಟೇ.