ಮನೆಯ ಗೋದಲಿ ಕಟ್ಟುವ ಕೆಲಸ ಮಕ್ಕಳ ಪಾಲಿಗಿರಲಿ

ಹೊಸ ಬಟ್ಟೆ, ನಕ್ಷತ್ರದ ದೀಪ, ಕೇಕ್ ಇವೆಲ್ಲ ಮಕ್ಕಳಿಗೆ ಕ್ರಿಸ್‌ಮಸ್‌ನಲ್ಲಿ ಹೇಗೂ ಸಿಗುತ್ತವೆ. ಆದರೆ ಯಾರ ಜನನಕ್ಕಾಗಿ ಈ ಸಡಗರ ಎಂಬುದನ್ನು ಮನೆಯ ಹಿರಿಯರೇ ಹೇಳಿಕೊಡಬೇಕು. ಅದಕ್ಕೆ ಗೋದಲಿಗಿಂತ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯವನ್ನು ಮೂರ್ತಿಗಳಿಟ್ಟು ಕಟ್ಟುವುದಕ್ಕಿಂತ, ಒಳ್ಳೆಯ ಸಾಧನ ನನಗೆ ಕಂಡಿಲ್ಲ. 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಹುಲ್ಲು, ಎತ್ತು, ಕತ್ತೆಗಳನ್ನಿರಿಸಿ ಗೋದಲಿ ಸಿದ್ಧಪಡಿಸಿದ್ದೂ ಬೆತ್ಲೆಹೇಮಿನ ಬಡತನವನ್ನು ಜನ ಕಣ್ಣಾರೆ ಕಾಣಲೆಂದೇ.

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲದಲ್ಲಿ ಕೆಲಸ ಆರಂಭಿಸಿ. ಪ್ರತಿ ಭಾನುವಾರ ಸಂಜೆ ಒಂದೊಂದು ಮೇಣದಬತ್ತಿಯನ್ನು ಹೆಚ್ಚಿಸಿ ಹಚ್ಚುತ್ತ, ಕಿರು ಪ್ರಾರ್ಥನೆ ಮಾಡಿದರೆ ಸಾಕು.

ಡಿಸೆಂಬರ್ ಮಧ್ಯದಲ್ಲಿ ಮಣ್ಣು ತುಂಬಿದ ತಟ್ಟೆಯಲ್ಲಿ ಮಕ್ಕಳಿಂದಲೇ ಜೋಳ ಅಥವಾ ಗೋಧಿ ಬಿತ್ತಿಸಿ. ಹಬ್ಬದ ಹೊತ್ತಿಗೆ ಅದೇ ಗೋದಲಿಯ ಹಸಿರಾಗುತ್ತದೆ. ಕೊಟ್ಟಿಗೆಗೆ ಅಂಗಡಿಯ ಪ್ಲಾಸ್ಟಿಕ್ ಬೇಡ, ಒಣಗಿದ ಜೋಳದ ದಂಟು ಸಾಲದೇ? ಶಿಶುವಿಗೆ ಹೊದಿಸಲು ಗುಳೇದಗುಡ್ಡದ ಖಣದ ಒಂದು ತುಂಡು ಸಿಕ್ಕರೆ ಇನ್ನೂ ಚೆನ್ನ. ಕಟ್ಟುವಾಗ ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯವನ್ನು ನಿಧಾನವಾಗಿ ಓದಿ. ರಾತ್ರಿ ಹೊಲದಲ್ಲಿ ಕುರಿ ಕಾಯುತ್ತಿದ್ದ ಕುರುಬರಿಗೆ ದೇವದೂತನು ಕಾಣಿಸಿಕೊಂಡನೆಂಬ ಮಾತು ಬಾಗಲಕೋಟೆ, ವಿಜಯಪುರಗಳ ಮಕ್ಕಳಿಗೆ ದೂರದ ಸಂಗತಿಯಲ್ಲ: ಹೊಲದಲ್ಲಿ ಕುರಿ ತರುಬಿ, ಕಂಬಳಿ ಹೊದ್ದು ಚಳಿಯಲ್ಲಿ ಇರುಳು ಕಳೆಯುವವರನ್ನು ಅವರು ನೋಡಿದ್ದಾರೆ. ಶುಭವಾರ್ತೆ ಅರಮನೆಗಲ್ಲ, ಅಂಥವರಿಗೇ ಮೊದಲು ಮುಟ್ಟಿತು ಎಂದು ಅಲ್ಲಿಯೇ ಬಿಡಿಸಿ ಹೇಳಿ. ಮಕ್ಕಳು ಕೇಳುವ ಪ್ರಶ್ನೆಗಳಿಗೆ ಅವಸರಪಡದೆ ಉತ್ತರಿಸಿ; ಓದು ಅರ್ಧಕ್ಕೆ ನಿಂತರೂ ನಷ್ಟವಿಲ್ಲ.

ಶಿಶುವಿನ ಜಾಗವನ್ನು 24ರ ರಾತ್ರಿಯವರೆಗೆ ಬರಿದಾಗಿಯೇ ಇಡಿ. ಆರಾಧನೆಯಿಂದ ಮರಳಿದ ಮೇಲೆ ಮನೆಯ ಅತಿ ಕಿರಿಯ ಮಗು ಬಾಲ ಯೇಸುವಿನ ಮೂರ್ತಿಯನ್ನು ಅಲ್ಲಿಡಲಿ, ಅಜ್ಜ ಅಥವಾ ಅಜ್ಜಿ ಪ್ರಾರ್ಥಿಸಲಿ.

ಕರಚಿಕಾಯಿ, ಶಂಕರಪಾಳಿ, ಚಕ್ಕಲಿಗಳ ತಟ್ಟೆಯನ್ನು ನೆರೆಮನೆಗಳಿಗೆ ಮಕ್ಕಳೇ ಒಯ್ಯಲಿ. ಮರಳಿ ಏನನ್ನೂ ಕೊಡಲಾಗದ ಮನೆಗೆ ಮೊದಲ ತಟ್ಟೆ ಹೋಗಬೇಕು; ಏಕೆಂದು ಮಗು ಕೇಳಿದಾಗ ಕುರುಬರ ಕಥೆಯನ್ನೇ ನೆನಪಿಸಿ.

25ಕ್ಕೇ ಗೋದಲಿಯನ್ನು ತೆಗೆದಿಡಬೇಡಿ. ಶಿಶು ಯೇಸುವನ್ನು ಕಾಣಲು ಮೂಡಣ ದೇಶದಿಂದ ಕಾಣಿಕೆ ಹೊತ್ತು ಬಂದ ಜೋಯಿಸರ ಮೂರ್ತಿಗಳನ್ನು ಮನೆಯ ಇನ್ನೊಂದು ಮೂಲೆಯಲ್ಲಿಟ್ಟು, ಮಕ್ಕಳಿಂದ ದಿನವೂ ಸ್ವಲ್ಪ ಸ್ವಲ್ಪ ಮುಂದೆ ಸರಿಸಿ, ಜನವರಿ 6ರಂದು ಗೋದಲಿಗೆ ತಲುಪಿಸಿ. ಅಂದು ಮತ್ತಾಯನ ಎರಡನೆಯ ಅಧ್ಯಾಯವನ್ನು ಓದಿ, ತಾನು ಕೂಡಿಟ್ಟ ಹಣದಲ್ಲಿ ಎಷ್ಟನ್ನು ಕಾಣಿಕೆಯಾಗಿ ಕೊಡಬೇಕೆಂಬುದನ್ನು ಮಗುವೇ ನಿರ್ಧರಿಸಲು ಬಿಡಿ.