ತಿರುವಿನಲ್ಲಿ ಕಾರಿನ ಹಿಡಿತ: ಸಸ್ಪೆನ್ಷನ್ ಸುಧಾರಿಸುವ ಕ್ರಮ

ತೋರಣಗಲ್ಲಿನಿಂದ ಸಂಡೂರಿಗೆ ಹೋಗುವ ದಾರಿಯಲ್ಲಿ ಅದಿರು ಲಾರಿಗಳ ನಡುವೆ ಕಾರು ಓಡಿಸುವವರಿಗೆ ಸ್ಟೀರಿಂಗ್ ಹಿಡಿತದ ಬೆಲೆ ಗೊತ್ತು. ತಿರುವಿನಲ್ಲಿ ಕಾರು ವಾಲುತ್ತದೆ ಎಂದು ಹಲವರು ನೇರವಾಗಿ ಗಟ್ಟಿ ಸ್ಪ್ರಿಂಗ್ ಕೊಳ್ಳಲು ಹೊರಡುತ್ತಾರೆ. ಅದು ಕೊನೆಯಲ್ಲಿ ಯೋಚಿಸಬೇಕಾದ ಸಂಗತಿ. ಸಸ್ಪೆನ್ಷನ್, ಅಂದರೆ ಚಕ್ರಗಳನ್ನು ಕಾರಿನ ಮೈಗೆ ಜೋಡಿಸುವ ಭಾಗಗಳ ಕೆಲಸ, ನೆಲದಿಂದ ಶುರುವಾಗಿ ಮೇಲಕ್ಕೆ ಹೋಗಬೇಕು.

ರಸ್ತೆಯನ್ನು ಮುಟ್ಟುವುದು ಟೈರ್ ಒಂದೇ. ಬೆಳಿಗ್ಗೆ ಕಾರು ಹೊರಡಿಸುವ ಮುನ್ನ ಗಾಳಿಯ ಒತ್ತಡ ನೋಡಿ, ತಯಾರಕರು ಹೇಳಿದ ಅಂಕಿಗೆ ಹೊಂದಿಸಿ. ಬಳ್ಳಾರಿಯ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ, ಓಡಿ ಕಾದ ಟೈರು ಹೆಚ್ಚು ಒತ್ತಡ ತೋರಿಸುತ್ತದೆ. ಅದನ್ನು ನಂಬಿ ಗಾಳಿ ಬಿಟ್ಟರೆ ಮರುದಿನ ಬೆಳಿಗ್ಗೆ ಟೈರಿನಲ್ಲಿ ಗಾಳಿ ಸಾಲದು. ಟೈರಿನ ಮೈ ಅಲ್ಲಲ್ಲಿ ತಗ್ಗುಬಿದ್ದು ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಮೇಲೆ ಅನುಮಾನವಿರಲಿ.

ಎರಡನೆಯದು ಕೀಲುಗಳಲ್ಲಿ ಕೂರುವ ರಬ್ಬರ್ ಬುಷ್‌ಗಳು, ಬಾಲ್ ಜಾಯಿಂಟ್ (ಗುಂಡು ಕೀಲು) ಮತ್ತು ಲಿಂಕ್ ರಾಡ್ (ಭಾಗಗಳನ್ನು ಜೋಡಿಸುವ ಸಣ್ಣ ಕಂಬಿ). ಬುಷ್ ಬಿರುಕು ಬಿಟ್ಟಿದ್ದರೆ ಚಕ್ರವನ್ನು ಕೆಳಗಿನಿಂದ ಹಿಡಿಯುವ ತೋಳಾದ ಲೋಯರ್ ಆರ್ಮ್ ತನ್ನ ಜಾಗದಲ್ಲಿ ನಿಲ್ಲದು, ಚಕ್ರ ಹೇಳಿದ ಮಾತು ಕೇಳದು. ಹಳೆಯ ಕಾರಿನಲ್ಲಿ ಇವನ್ನು ಬದಲಾಯಿಸಿದ ಮಾತ್ರಕ್ಕೇ ಹಿಡಿತ ಮರಳುವುದುಂಟು; ದುಬಾರಿ ಭಾಗಗಳಿಗೆ ಮೊದಲು ಈ ಖರ್ಚನ್ನು ಮಾಡಿ ಎಂದು ನಾನು ಒತ್ತಿ ಹೇಳುತ್ತೇನೆ. ರಬ್ಬರಿಗಿಂತ ಗಟ್ಟಿಯಾದ ಪಾಲಿಯುರೆಥೇನ್ ಬುಷ್ ಚಕ್ರವನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ, ಆದರೆ ಅದರುವಿಕೆಯನ್ನು ಒಳಗೆ ತರುತ್ತದೆ. ಮನೆಮಂದಿಯೆಲ್ಲ ಓಡಾಡುವ ಕಾರಿಗೆ ಒಳ್ಳೆಯ ರಬ್ಬರ್ ಬುಷ್ ಸಾಕು.

ಆಮೇಲೆ ಶಾಕ್ ಅಬ್ಸಾರ್ಬರ್. ಕಾರಿನ ಭಾರ ಹೊರುವುದು ಸ್ಪ್ರಿಂಗ್. ಅದರ ಕುಣಿತವನ್ನು ತಡೆಯುವುದು ಶಾಕ್ ಅಬ್ಸಾರ್ಬರ್. ಅದರ ಮೈಮೇಲೆ ಎಣ್ಣೆ ಜಿನುಗಿದ್ದರೆ ಕಾಲ ಮುಗಿದಿದೆ. ನಮ್ಮ ಕಡೆಯ ಕೆಂಪು ಅದಿರಿನ ಧೂಳು ಅದರ ದಂಡಕ್ಕೆ ಅಂಟಿ ಸೀಲನ್ನು ಸವೆಸುತ್ತದೆ. ಆದ್ದರಿಂದ ಧೂಳುಗವಚ ಮತ್ತು, ಸ್ಪ್ರಿಂಗ್ ಅತಿಯಾಗಿ ಅದುಮಿದಾಗ ಪೆಟ್ಟು ತಡೆಯುವ, ಬಂಪ್ ಸ್ಟಾಪ್‌ಗಳನ್ನೂ ಜೊತೆಗೇ ಹೊಸದು ಹಾಕಿಸಿ. ಒಂದೇ ಆಕ್ಸಲ್‌ನ ಎರಡೂ ಬದಿಯವನ್ನು ಒಟ್ಟಿಗೆ ಬದಲಾಯಿಸಿ. ಅನಿಲ ತುಂಬಿದ ಬಗೆಯಲ್ಲಿ ಎಣ್ಣೆ ನೊರೆಯೇಳುವುದು ಕಡಿಮೆ. ಗುಂಡಿಗಳ ರಸ್ತೆಯಲ್ಲಿ ಬಹುದೂರ ಓಡಿದರೂ ಅದರ ಹಿಡಿತ ಬೇಗ ಸಡಿಲವಾಗುವುದಿಲ್ಲ.

ಇಷ್ಟಾದರೂ ವಾಲುವಿಕೆ ಉಳಿದರೆ ಸ್ಟೆಬಿಲೈಸರ್ ಬಾರ್, ಅಂದರೆ ಎರಡು ಬದಿಯ ಚಕ್ರಗಳನ್ನು ಕೂಡಿಸಿ ವಾಲುವಿಕೆ ತಡೆಯುವ ಕಂಬಿಯನ್ನು ಯೋಚಿಸಬಹುದು. ಘನ ಕಂಬಿಯ ಬಿಗುವು ಅದರ ವ್ಯಾಸದ ನಾಲ್ಕನೆಯ ಘಾತದಂತೆ ಏರುತ್ತದೆ: 20 ಮಿ.ಮೀ. ಕಂಬಿಯ ಬದಲು 22 ಮಿ.ಮೀ. ಹಾಕಿದರೆ ಬಿಗುವು ಸುಮಾರು 46 ಶೇಕಡಾ ಹೆಚ್ಚುತ್ತದೆ. ಮುಂಭಾಗದಲ್ಲಿ ಮಾತ್ರ ದಪ್ಪ ಕಂಬಿ ಹಾಕಿದರೆ ತಿರುವಿನಲ್ಲಿ ಕಾರಿನ ಮೂಗು ಹೊರಕ್ಕೆ ಸರಿಯಬಹುದು. ಹಿಂದೆ ಅತಿಯಾದರೆ ಮಳೆಯಲ್ಲಿ ಹಿಂಭಾಗ ಜಾರಬಹುದು.

ಕಾರನ್ನು ತಗ್ಗಿಸುವ ಸ್ಪ್ರಿಂಗ್ ನಮ್ಮ ರಸ್ತೆಗಳಿಗೆ ಬೇಡ. ಉಬ್ಬುಗಳಲ್ಲಿ ಕೆಳಭಾಗ ಉಜ್ಜುತ್ತದೆ, ಬಂಪ್ ಸ್ಟಾಪ್ ಪದೇ ಪದೇ ತಾಗುತ್ತದೆ. ಸ್ಪ್ರಿಂಗ್ ನಡುವೆ ತುರುಕುವ ರಬ್ಬರ್ ತುಂಡುಗಳೂ ಹಿಡಿತ ಹೆಚ್ಚಿಸುವುದಿಲ್ಲ. ತಯಾರಕರ ಮೂಲ ವಿವರಗಳಿಗೆ ಹೊಂದದ ಮಾರ್ಪಾಡನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. ಮೊದಲೇ ಆರ್‌ಟಿಒ ಕಚೇರಿಯಲ್ಲಿ, ವಿಮಾ ಕಂಪನಿಯಲ್ಲಿ ವಿಚಾರಿಸಿ.

ಜೋಡಣೆಯನ್ನು ಅನುಭವಿ ಮೆಕ್ಯಾನಿಕ್‌ಗೆ ಬಿಡಿ. ಅದುಮಿದ ಸ್ಪ್ರಿಂಗ್ ಚಿಮ್ಮಿದರೆ ಪ್ರಾಣಕ್ಕೇ ಅಪಾಯ. ಅದನ್ನು ಬಿಚ್ಚಲು ಸ್ಪ್ರಿಂಗನ್ನು ಅದುಮಿ ಹಿಡಿಯುವ ಸಾಧನ, ಸ್ಪ್ರಿಂಗ್ ಕಂಪ್ರೆಸರ್ ಇರಲೇಬೇಕು. ಜಾಕ್ ಒಂದನ್ನೇ ನಂಬಿ ಯಾರೂ ಕಾರಿನ ಕೆಳಗೆ ಹೋಗಬಾರದು. ಗ್ಯಾರೇಜಿನಲ್ಲಿ ನೀವು ನಿಂತು ನೋಡಬೇಕಾದ ಒಂದು ಹಂತವಿದೆ. ಲೋಯರ್ ಆರ್ಮ್‌ನ ರಬ್ಬರ್ ಬುಷ್ ಬೋಲ್ಟ್‌ಗಳನ್ನು ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗ ಪೂರ್ತಿ ಬಿಗಿಯಬಾರದು. ಹಾಗೆ ಬಿಗಿದರೆ ಕಾರು ಇಳಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಭಾರ ಚಕ್ರಗಳ ಮೇಲೆ ಕೂತ ಮೇಲೆ, ತಯಾರಕರು ಕೊಟ್ಟ ಅಳತೆಗೆ ಬಿಗಿತ ಅಳೆಯುವ ಟಾರ್ಕ್ ಪಾನಾದಿಂದ ಬಿಗಿಸಿ.

ಕಡೆಗೆ ಚಕ್ರಗಳ ಕೋನ ಸರಿಪಡಿಸುವ ವೀಲ್ ಅಲೈನ್‌ಮೆಂಟ್ ಮಾಡಿಸಿ, ಮುಂಚಿನ ಮತ್ತು ನಂತರದ ಅಂಕಿಗಳ ಮುದ್ರಿತ ಚೀಟಿ ಕೇಳಿ ಪಡೆಯಿರಿ. ಕೆಲವು ದಿನ ನಿಧಾನವಾಗಿ ಓಡಿಸಿ. ಟಕಟಕ ಸದ್ದು ಕೇಳಿದರೆ, ಸ್ಟೀರಿಂಗ್ ಒಂದೇ ಕಡೆಗೆ ಎಳೆದರೆ ಅದೇ ಗ್ಯಾರೇಜಿಗೆ ಹೋಗಿ ಬೋಲ್ಟ್‌ಗಳನ್ನು ಮತ್ತೆ ಪರೀಕ್ಷೆ ಮಾಡಿಸಿ.